ಚೀಲ ಹೊರುವಾಗ ಕುಸಿದು ಬಿದ್ದವರಿಗೆ ಮೊದಲ ಹದಿನೈದು ನಿಮಿಷಗಳಲ್ಲಿ ಏನು ಮಾಡಬೇಕು?

ಪ್ರಶ್ನೆ: ನಾನು ಸಿಂಧನೂರು ಭಾಗದ ಒಂದು ಅಕ್ಕಿ ಗಿರಣಿಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಕಳೆದ ಏಪ್ರಿಲ್‌ನಲ್ಲಿ, ಕೆಲಸಕ್ಕೆ ಸೇರಿ ಮೂರನೆಯ ದಿನವಾಗಿದ್ದ ಇಪ್ಪತ್ತೆರಡು ವರ್ಷದ ಹುಡುಗನೊಬ್ಬ ಮಧ್ಯಾಹ್ನ ಲಾರಿಗೆ ಚೀಲ ತುಂಬುತ್ತಿದ್ದಾಗ ಏನೇನೋ ಮಾತನಾಡತೊಡಗಿ, ತೂರಾಡುತ್ತ ನಾಲ್ಕು ಹೆಜ್ಜೆ ನಡೆದು ಬಿದ್ದುಬಿಟ್ಟ. ಕುಡಿದಿರಬೇಕೆಂದು ನೆರಳಿಗೆ ಎಳೆದು ಮಲಗಿಸಿದರು. ಆಮೇಲೆ ಫಿಟ್ಸ್ ಬಂದಾಗ ಕೈಗೆ ಬೀಗದ ಕೈ ಕೊಟ್ಟರು. ಆಸ್ಪತ್ರೆ ತಲುಪುವಷ್ಟರಲ್ಲಿ ಒಂದು ಗಂಟೆ ಮೀರಿತ್ತು. ಮೂತ್ರಪಿಂಡ ಕೆಟ್ಟು, ಡಯಾಲಿಸಿಸ್ ಮಾಡಿಸಿಕೊಂಡು ಬದುಕಿದ. ಅದರ ಹಿಂದಿನ ವರ್ಷ ಐವತ್ತು ದಾಟಿದ ಹಮಾಲರೊಬ್ಬರು ಎದೆ ಹಿಡಿದುಕೊಂಡು ಕುಳಿತಾಗ ಗ್ಯಾಸ್ಟ್ರಿಕ್ ಎಂದು ಸೋಡಾ ಕುಡಿಸಿದ್ದೆವು. ಅವರು ಉಳಿಯಲಿಲ್ಲ. ಇವೆರಡನ್ನೂ ಬೇರೆಬೇರೆಯಾಗಿ ಗುರುತಿಸುವುದು ಹೇಗೆ? ವೈದ್ಯರು ಸಿಗುವವರೆಗೆ ನಾವು ಏನು ಮಾಡಬೇಕಿತ್ತು? ಇಂಥವು ಕೆಲಸದ ಅವಘಡಗಳೆಂದು ಪರಿಗಣಿತವಾಗುತ್ತವೆಯೇ? ಆ ಹುಡುಗ ಈಗ ಮತ್ತೆ ಕೆಲಸ ಕೇಳಿಕೊಂಡು ಬಂದಿದ್ದಾನೆ, ಕೊಡಬಹುದೇ?

ಉತ್ತರ: ನೀವು ಬರೆದಿರುವ ವಿವರಗಳನ್ನು ಓದಿದರೆ ಆ ಹುಡುಗನಿಗೆ ಆಗಿದ್ದು ಶಾಖಾಘಾತ, ಅದರಲ್ಲೂ ದುಡಿಮೆಯಿಂದ ಬರುವ ಶಾಖಾಘಾತ ಎಂಬುದರಲ್ಲಿ ನನಗೆ ಹೆಚ್ಚಿನ ಅನುಮಾನವಿಲ್ಲ. ಹಿರಿಯ ಹಮಾಲರದ್ದು ಬಹುಪಾಲು ಹೃದಯಾಘಾತವೇ ಇರಬೇಕು. ಎರಡೂ ಸಂದರ್ಭಗಳಲ್ಲಿ ನಿರ್ಣಾಯಕವಾದ ಹೊತ್ತು ಗಿರಣಿಯ ಅಂಗಳದಲ್ಲೇ ಕಳೆದುಹೋಯಿತು. ಇದನ್ನು ನಿಮ್ಮನ್ನು ದೂರಲು ಹೇಳುತ್ತಿಲ್ಲ, ಏಕೆಂದರೆ ಆ ಹೊತ್ತಿನಲ್ಲಿ ಏನು ಮಾಡಬೇಕೆಂಬುದನ್ನು ಚೀಲ ಹೊರುವವರಿಗಾಗಲಿ, ಮೇಸ್ತ್ರಿಗಾಗಲಿ, ಲೆಕ್ಕ ಬರೆಯುವವರಿಗಾಗಲಿ ಯಾರೂ ಕುಳ್ಳಿರಿಸಿಕೊಂಡು ಹೇಳಿಕೊಟ್ಟಿರುವುದಿಲ್ಲ. ಆದರೆ ಈ ಮೊದಲ ಹದಿನೈದು ನಿಮಿಷಗಳ ಚಿಕಿತ್ಸೆಯನ್ನು ಜೊತೆಯಲ್ಲಿ ದುಡಿಯುವವರಲ್ಲದೆ ಬೇರೆ ಯಾರೂ ಕೊಡಲಾರರು ಎಂಬುದನ್ನು ಮೊದಲೇ ಮನಸ್ಸಿಗೆ ತಂದುಕೊಳ್ಳಬೇಕು.

ಶಾಖಾಘಾತವೆಂದರೆ ಬಿಸಿಲು ತಲೆಗೆ ಹೊಡೆಯುವುದು ಎಂಬ ತಿಳಿವಳಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಹಾಗಾಗಿಯೇ ಸೂರಿನಡಿ ಕೆಲಸ ಮಾಡುವವರಿಗೆ ಅದು ಬರಲಾರದೆಂದು ನಂಬಿ ಮೋಸ ಹೋಗುತ್ತೇವೆ. ದುಡಿಯುವ ಸ್ನಾಯು ತಾನು ಬಳಸುವ ಶಕ್ತಿಯಲ್ಲಿ ಹೆಚ್ಚೆಂದರೆ ಕಾಲು ಭಾಗವನ್ನು ಕೆಲಸಕ್ಕೆ ಹಾಕುತ್ತದೆ, ಉಳಿದ ಮುಕ್ಕಾಲು ಭಾಗ ದೇಹದೊಳಗೆ ಶಾಖವಾಗುತ್ತದೆ. 50 ಕೆ.ಜಿ.ಯ ಇನ್ನೂರು ಚೀಲ ಹೊತ್ತವನು ಹತ್ತು ಟನ್ ಭಾರವನ್ನು ಸಾಗಿಸಿರುತ್ತಾನೆ. ಆ ದುಡಿಮೆಯ ಶಾಖವನ್ನೆಲ್ಲ ಬೆವರು ಆರಿಸಿ ಹೊರಹಾಕಬೇಕು. ಭತ್ತ ಬೇಯಿಸುವ ಹಬೆ, ಡ್ರೈಯರ್‌ನ ಕಾವು, ಗಾಳಿಯಾಡದ ಗೋದಾಮು, ತಗಡಿನ ಸೂರು ಇವೆಲ್ಲ ಸೇರಿದ ಕಡೆ ಬೆವರು ಸುರಿಯುತ್ತದೆಯೇ ಹೊರತು ಆರುವುದಿಲ್ಲ, ಆರದ ಬೆವರು ದೇಹವನ್ನು ತಣಿಸುವುದೂ ಇಲ್ಲ. ಹೀಗೆ ಒಳಗಿನ ತಾಪ 40 ಡಿಗ್ರಿ ಸೆಲ್ಸಿಯಸ್ ದಾಟಿ ಏರುತ್ತಿರುವಾಗ ಮೊದಲು ಕೆಡುವ ಅಂಗಗಳಲ್ಲಿ ಮಿದುಳು ಒಂದು. ಮಾತು ತೊದಲುವುದು, ಸಿಟ್ಟಿಗೇಳುವುದು, ತಾನೆಲ್ಲಿದ್ದೇನೆಂದು ತಿಳಿಯದಿರುವುದು, ತೂರಾಡುವುದು, ಕೊನೆಗೆ ಫಿಟ್ಸ್ ಅಥವಾ ಎಚ್ಚರ ತಪ್ಪುವುದು ಎಲ್ಲವೂ ಅದರ ಲಕ್ಷಣಗಳೇ. ಕುಡಿದವನ ನಡವಳಿಕೆಯೂ ಇದೇ ತೆರನಾಗಿರುವುದರಿಂದ ನಿಮ್ಮಲ್ಲಿ ಆದ ತಪ್ಪು ಎಲ್ಲ ಕಡೆಯೂ ಆಗುತ್ತದೆ. ಬೆವರು ನಿಂತು ಮೈ ಒಣಗಿದ್ದರೆ ಮಾತ್ರ ಶಾಖಾಘಾತ ಎಂಬ ಹಳೆಯ ಪಾಠವನ್ನು ದಯವಿಟ್ಟು ಮರೆತುಬಿಡಿ. ಮನೆಯಲ್ಲಿ ಕುಳಿತ ವಯಸ್ಸಾದವರಲ್ಲಿ ಹಾಗೆ ಕಾಣಬಹುದು, ಆದರೆ ದುಡಿಯುತ್ತಲೇ ಬಿದ್ದವನ ಮೈ ಹೆಚ್ಚಾಗಿ ಬೆವರಿನಿಂದ ತೊಯ್ದೇ ಇರುತ್ತದೆ.

ಆದುದರಿಂದ ಬಿಸಿಯಾದ ಜಾಗದಲ್ಲಿ ಮೈಮುರಿದು ದುಡಿಯುತ್ತಿದ್ದವನ ಬುದ್ಧಿ ಒಮ್ಮೆಲೇ ಮಂಕಾದರೆ, ಬೇರೆ ಕಾರಣ ರುಜುವಾತಾಗುವ ತನಕ ಅದನ್ನು ಶಾಖಾಘಾತವೆಂದೇ ತಿಳಿದು ನಡೆದುಕೊಳ್ಳಬೇಕು. ಕಂಕುಳಿನ ಥರ್ಮಾಮೀಟರ್, ಹಣೆಗೆ ಹಿಡಿಯುವ ಯಂತ್ರ ಇವೆರಡೂ ಇಂಥ ಹೊತ್ತಿನಲ್ಲಿ ಕಡಿಮೆ ತೋರಿಸಿ ದಾರಿ ತಪ್ಪಿಸುತ್ತವೆ. ಒಳಗಿನ ತಾಪ ಸರಿಯಾಗಿ ತಿಳಿಯುವುದು ಗುದದ್ವಾರದಲ್ಲಿ ಅಳೆದಾಗ, ಅದು ಆಸ್ಪತ್ರೆಯ ಕೆಲಸ. ನಿಮ್ಮ ಕೆಲಸ ಅವನನ್ನು ತಣಿಸುವುದು. ಕ್ರೀಡಾ ವೈದ್ಯರೂ ಸೇನಾ ವೈದ್ಯರೂ ವರ್ಷಗಳ ಅನುಭವದಿಂದ ಒಪ್ಪಿಕೊಂಡಿರುವ ನಿಯಮ ಒಂದೇ: ಮೊದಲು ತಣಿಸು, ಆಮೇಲೆ ಸಾಗಿಸು. ಬಿದ್ದ ಅರ್ಧ ಗಂಟೆಯೊಳಗೆ ಒಳತಾಪ 39 ಡಿಗ್ರಿಯ ಆಸುಪಾಸಿಗೆ ಇಳಿದರೆ ಬದುಕುವ ಸಾಧ್ಯತೆ ಬಹಳ ಹೆಚ್ಚು. ಟೆಂಪೊದಲ್ಲಿ ಹಾಕಿಕೊಂಡು ನಲವತ್ತು ನಿಮಿಷ ಓಡಿದರೆ ಆ ಅವಧಿಯುದ್ದಕ್ಕೂ ಅವನು ಒಳಗೊಳಗೇ ಬೇಯುತ್ತಿರುತ್ತಾನೆ.

ಇದಕ್ಕೆ ಬೇಕಾದ ಸಾಮಾನು ನಿಮ್ಮ ಗಿರಣಿಯಲ್ಲಿ ಈಗಾಗಲೇ ಇದೆ. ಭತ್ತ ಮುಚ್ಚುವ ತಾಡಪತ್ರಿಯನ್ನು ನೆರಳಿನಲ್ಲಿ ಹಾಸಿ, ಅಂಗಿ, ಬೂಟು, ಬೆಲ್ಟು ಬಿಚ್ಚಿ ಅವನನ್ನು ಅದರ ಮೇಲೆ ಮಲಗಿಸಿ. ನಾಲ್ಕೈದು ಜನ ಅಂಚುಗಳನ್ನು ಎತ್ತಿ ಹಿಡಿದು ತೊಟ್ಟಿಯಂತೆ ಮಾಡಿ, ಕೊಡಗಟ್ಟಲೆ ನೀರು ಸುರಿಯಿರಿ, ಹತ್ತಿರದ ಅಂಗಡಿಯಿಂದ ಐಸ್ ತರಿಸಿ ಹಾಕಿ, ನೀರು ಎದೆ, ಹೊಟ್ಟೆ, ತೊಡೆಗಳ ಮೇಲೆಲ್ಲ ಹರಿದಾಡುವಂತೆ ತಾಡಪತ್ರಿಯನ್ನು ಮೆಲ್ಲಗೆ ತೂಗುತ್ತಿರಿ. ಒಬ್ಬರು ತಲೆಯ ಬಳಿ ಕುಳಿತು ಮುಖ ನೀರಿಗಿಂತ ಮೇಲಿರುವಂತೆ, ಉಸಿರಿಗೆ ತಡೆಯಾಗದಂತೆ ನೋಡಿಕೊಳ್ಳುತ್ತಲೇ ಇರಬೇಕು. ಎಚ್ಚರವಿಲ್ಲದವನನ್ನು ಆಳದ ತೊಟ್ಟಿಗೆ ಇಳಿಸುವುದು ಸರ್ವಥಾ ಕೂಡದು. ಐಸ್ ಸಿಗದಿದ್ದರೆ ಕಾಯಬೇಡಿ, ಬೋರ್‌ವೆಲ್ ನೀರನ್ನು ಪೈಪಿನಿಂದ ಬಿಡುತ್ತ ದೊಡ್ಡ ಫ್ಯಾನು ಹಚ್ಚಿ. ಮುಖಕ್ಕೆ ಒಂದು ಚೊಂಬು ನೀರು ಚಿಮುಕಿಸಿ ಬಿಡುವುದು ಚಿಕಿತ್ಸೆಯಲ್ಲ. ಅವನಿಗೆ ಬುದ್ಧಿ ಸ್ಥಿಮಿತಕ್ಕೆ ಬಂದು ಮೈ ನಡುಗತೊಡಗುವವರೆಗೂ ಇದು ನಡೆಯಬೇಕು. ಅಷ್ಟರಲ್ಲಿ ಇನ್ನೊಬ್ಬರು 108ಕ್ಕೆ ಕರೆಮಾಡಿ, ಗೇಟಿನ ಬಳಿ ನಿಂತು ಆಂಬ್ಯುಲೆನ್ಸ್‌ಗೆ ದಾರಿ ತೋರಿಸಲಿ. ವಾಹನ ಬಂದ ಮೇಲೂ ಒದ್ದೆ ಬಟ್ಟೆ, ಐಸ್ ಚೀಲ, ಗಾಳಿ ಮುಂದುವರಿಯಲಿ. ಪ್ಯಾರಾಸಿಟಮಾಲ್ ಕೊಡಬೇಡಿ: ಸೋಂಕಿನ ಜ್ವರವನ್ನು ಇಳಿಸುವ ಆ ಮಾತ್ರೆ ಈ ತಾಪವನ್ನು ಇಳಿಸುವುದಿಲ್ಲ, ಈಗಾಗಲೇ ನಲುಗಿರುವ ಯಕೃತ್ತಿಗೆ ಇನ್ನಷ್ಟು ಹೊರೆಯಾಗುತ್ತದೆ. ಎಚ್ಚರ ಸರಿಯಿಲ್ಲದವನ ಬಾಯಿಗೆ ನೀರು, ಮಜ್ಜಿಗೆ, ನಿಂಬೆ ಶರಬತ್ತು ಯಾವುದನ್ನೂ ಹಾಕಬಾರದು, ಅದು ಶ್ವಾಸಕೋಶಕ್ಕೆ ಇಳಿಯುತ್ತದೆ.

ಫಿಟ್ಸ್ ಬಂದವರ ಕೈಗೆ ಬೀಗದ ಕೈ ಕೊಡುವುದು, ಮೂಗಿಗೆ ಈರುಳ್ಳಿ ಅಥವಾ ಚಪ್ಪಲಿ ಹಿಡಿಯುವುದು, ಹಲ್ಲಿನ ನಡುವೆ ಚಮಚ ತುರುಕುವುದು ಇವನ್ನೆಲ್ಲ ಜನ ಪ್ರೀತಿಯಿಂದಲೇ ಮಾಡುತ್ತಾರೆ. ಫಿಟ್ಸ್ ಸಾಮಾನ್ಯವಾಗಿ ಒಂದೆರಡು ನಿಮಿಷದಲ್ಲಿ ತಾನಾಗಿ ನಿಲ್ಲುವುದರಿಂದ ಕಬ್ಬಿಣ ಕೆಲಸ ಮಾಡಿತೆಂದು ಕಾಣುತ್ತದೆ. ಪಕ್ಕಕ್ಕೆ ಹೊರಳಿಸಿ, ಸುತ್ತಲಿನ ಚೂಪಾದ ವಸ್ತುಗಳನ್ನು ಸರಿಸಿ, ಗಡಿಯಾರ ನೋಡಿಕೊಳ್ಳಿ. ಐದು ನಿಮಿಷ ದಾಟಿದರೆ ಅದೇ ಒಂದು ತುರ್ತು.

ಆ ಹುಡುಗನ ಮೂತ್ರಪಿಂಡ ಏಕೆ ಕೆಟ್ಟಿತು ಎಂಬುದನ್ನು ನೀವು ಕೇಳಿಲ್ಲವಾದರೂ ಹಮಾಲಿ ಕೆಲಸದವರೆಲ್ಲ ತಿಳಿದಿರಬೇಕಾದ ವಿಷಯ ಅದು. ಅಭ್ಯಾಸವಿಲ್ಲದ ಮೈಗೆ ಒಮ್ಮೆಲೇ ಅತಿಯಾದ ಹೊರೆ ಬಿದ್ದಾಗ, ಕಾವು ಹೆಚ್ಚಿದಾಗ ಸ್ನಾಯುವಿನ ಜೀವಕೋಶಗಳು ಒಡೆದು ಅವುಗಳೊಳಗಿನ ಮಯೋಗ್ಲೋಬಿನ್ ಎಂಬ ಕೆಂಪು ಪ್ರೋಟೀನು ರಕ್ತಕ್ಕೆ ಸೇರುತ್ತದೆ. ನೀರಿಲ್ಲದೆ ಒಣಗಿದ ಮೂತ್ರಪಿಂಡಕ್ಕೆ ಅದು ವಿಷದಂತೆ ತಗುಲಿ, ಅದರ ನಳಿಕೆಗಳನ್ನು ಕಟ್ಟಿಹಾಕುತ್ತದೆ. ಜೊತೆಯಲ್ಲೇ ಹೊರಬರುವ ಪೊಟ್ಯಾಸಿಯಮ್ ಮಿತಿ ಮೀರಿದರೆ ಹೃದಯದ ಬಡಿತವೇ ತಪ್ಪುತ್ತದೆ. ಹೊರಗೆ ಕಾಣುವ ಗುರುತು ಸರಳ: ತೊಡೆ, ಭುಜ, ಬೆನ್ನಿನಲ್ಲಿ ಸಾಧಾರಣ ಮೈಕೈ ನೋವಿಗೆ ಮೀರಿದ ನೋವು ಮತ್ತು ನಿಶ್ಶಕ್ತಿ, ಹಾಲು ಹಾಕದ ಚಹಾದ ಬಣ್ಣದ ಮೂತ್ರ. ಇದು ಬಿದ್ದವರಿಗಷ್ಟೇ ಬರುವುದಿಲ್ಲ, ಸಂಜೆ ನಡೆದುಕೊಂಡೇ ಮನೆಗೆ ಹೋದವರಿಗೂ ಮರುದಿನ ಕಾಣಿಸಿಕೊಳ್ಳಬಹುದು. ಅಂಥವರು ಅದೇ ದಿನ ಆಸ್ಪತ್ರೆಗೆ ಹೋಗಿ ಸ್ನಾಯು ಎಷ್ಟು ಒಡೆದಿದೆ ಎಂದು ತಿಳಿಸುವ ಸಿಪಿಕೆ ಮತ್ತು ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆ ಮಾಡಿಸಿಕೊಂಡು, ಬೇಗನೆ ಡ್ರಿಪ್ ಹಾಕಿಸಿಕೊಂಡರೆ ಡಯಾಲಿಸಿಸ್ ತಪ್ಪುವ ಸಾಧ್ಯತೆ ಹೆಚ್ಚು. ಇಲ್ಲಿ ನನಗೆ ಬಹಳ ಕಳವಳ ತರುವ ಒಂದು ರೂಢಿಯನ್ನು ಹೇಳಲೇಬೇಕು. ಲೋಡಿಂಗ್‌ಗೆ ಇಳಿಯುವ ಮೊದಲೇ ಅಂಗಡಿಯಿಂದ ಡೈಕ್ಲೊಫಿನಾಕ್‌ನಂಥ ನೋವಿನ ಮಾತ್ರೆ ತಂದು ನುಂಗುವವರು ಬಹಳ ಜನ ಇದ್ದಾರೆ. ಬೆವರಿ ಒಣಗಿದ ದೇಹದಲ್ಲಿ ಆ ಮಾತ್ರೆ ಮೂತ್ರಪಿಂಡಕ್ಕೆ ಹರಿಯುವ ರಕ್ತವನ್ನು ಇನ್ನೂ ತಗ್ಗಿಸುತ್ತದೆ. ನೋವು ಮರೆತು ಹತ್ತು ಚೀಲ ಹೆಚ್ಚು ಹೊರಬಹುದು, ಬೆಲೆ ತೆರುವುದು ಮೂತ್ರಪಿಂಡ.

ಇನ್ನು ಹಿರಿಯ ಹಮಾಲರ ವಿಷಯ. ಭಾರ ಎತ್ತುವಾಗ ಉಸಿರು ಬಿಗಿಹಿಡಿಯುವುದರಿಂದ ರಕ್ತದೊತ್ತಡ ಒಮ್ಮೆಲೇ ಏರುತ್ತದೆ, ಬಡಿತ ಹೆಚ್ಚುತ್ತದೆ. ರಕ್ತನಾಳದ ಒಳಗೋಡೆಯಲ್ಲಿ ಮೊದಲೇ ಕಟ್ಟಿಕೊಂಡಿದ್ದ ಕೊಬ್ಬಿನ ಪದರ ಆಗ ಸೀಳಿ, ಅಲ್ಲಿ ರಕ್ತ ಹೆಪ್ಪುಗಟ್ಟಿ ಹೃದಯಕ್ಕೆ ಹೋಗುವ ರಕ್ತ ನಿಲ್ಲಬಹುದು. ಎದೆಯ ನಡುವೆ ಹಿಂಡಿದಂತೆ, ಕಲ್ಲು ಹೇರಿದಂತೆ ನೋವು, ಅದು ಎಡಗೈಗೆ, ದವಡೆಗೆ, ಬೆನ್ನಿಗೆ ಹರಡುವುದು, ತಣ್ಣನೆಯ ಬೆವರು, ವಾಕರಿಕೆ ಇವು ಸಾಮಾನ್ಯ ಲಕ್ಷಣಗಳು. ಸಕ್ಕರೆ ಕಾಯಿಲೆಯವರಲ್ಲಿ ನೋವೇ ಇಲ್ಲದೆ ಬರೀ ಏದುಸಿರು, ಸುಸ್ತು, ಹೊಟ್ಟೆಯ ಮೇಲ್ಭಾಗದ ಉರಿ ಕಾಣಿಸಬಹುದು. ಗ್ಯಾಸ್ಟ್ರಿಕ್ ಎಂಬ ಪದ ನಮ್ಮ ನಾಡಿನಲ್ಲಿ ಎಷ್ಟು ಜೀವ ತೆಗೆದಿದೆಯೋ ಲೆಕ್ಕವಿಟ್ಟವರಿಲ್ಲ. ನಲವತ್ತು ದಾಟಿದವರು ಕೆಲಸದ ನಡುವೆ ಎದೆ ಹಿಡಿದುಕೊಂಡು ಕುಳಿತರೆ ಇಸಿಜಿ ಆಗುವವರೆಗೂ ಅದು ಹೃದಯವೇ. ಶಾಖಾಘಾತದಲ್ಲಿ ಮೊದಲು ಕೆಡುವುದು ಬುದ್ಧಿ. ಹೃದಯಾಘಾತದಲ್ಲಿ ಸಾಮಾನ್ಯವಾಗಿ ಬುದ್ಧಿ ಸ್ವಚ್ಛವಾಗಿದ್ದು, ತನಗೇನೋ ಆಗುತ್ತಿದೆ ಎಂದು ಆತನೇ ಹೇಳುತ್ತಾನೆ. ಅನುಮಾನವಿದ್ದರೂ ತೊಂದರೆಯಿಲ್ಲ, ಎರಡಕ್ಕೂ ಮೊದಲ ಹೆಜ್ಜೆ ಕೆಲಸ ನಿಲ್ಲಿಸಿ 108ಕ್ಕೆ ಕರೆಮಾಡುವುದೇ.

ಎದೆನೋವಿನವರನ್ನು ಒಂದು ಹೆಜ್ಜೆಯೂ ನಡೆಸಬೇಡಿ, ಒರಗಿಸಿ ಕುಳ್ಳಿರಿಸಿ. ಆಸ್ಪಿರಿನ್ ಅಲರ್ಜಿಯಾಗಲಿ, ರಕ್ತಸ್ರಾವದ ಕಾಯಿಲೆಯಾಗಲಿ ಇಲ್ಲದಿದ್ದರೆ 300 ಮಿ.ಗ್ರಾಂ ಆಸ್ಪಿರಿನ್ ಅಗಿಯಲು ಕೊಡಬಹುದು. ನಾಲಿಗೆಯಡಿ ಇಡುವ ಸಾರ್ಬಿಟ್ರೇಟ್ ಮಾತ್ರೆಯನ್ನು ವೈದ್ಯರು ಮೊದಲೇ ಬರೆದುಕೊಟ್ಟವರಿಗಲ್ಲದೆ ಬೇರೆಯವರಿಗೆ ಕೊಡಬಾರದು, ರಕ್ತದೊತ್ತಡ ಕುಸಿದು ಅಪಾಯವಾಗುತ್ತದೆ. ಹತ್ತಿರದ ತಾಲ್ಲೂಕು ಆಸ್ಪತ್ರೆಗೆ ನೇರವಾಗಿ ಹೋಗಿ. ರಾಜ್ಯ ಸರ್ಕಾರದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೂರದ ಹೃದ್ರೋಗ ತಜ್ಞರು ನೋಡಿ, ಅಗತ್ಯವಿದ್ದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲೇ ಉಚಿತವಾಗಿ ಕೊಡಿಸುವ ವ್ಯವಸ್ಥೆ ಇದೆ. ನಿಮ್ಮ ಆಸ್ಪತ್ರೆಯಲ್ಲಿ ಅದು ಸಿಗುತ್ತದೆಯೇ ಎಂಬುದನ್ನು ಅವಘಡಕ್ಕೆ ಮೊದಲೇ ಒಂದು ದಿನ ಹೋಗಿ ವಿಚಾರಿಸಿಕೊಂಡು ಬನ್ನಿ. ಈ ಒಂದು ಭೇಟಿಗೆ ನಾನು ಬಹಳ ಬೆಲೆ ಕೊಡುತ್ತೇನೆ.

ಬಿದ್ದವರು ಕರೆದರೆ ಓಗೊಡದೆ, ಸರಿಯಾಗಿ ಉಸಿರಾಡದೆ, ಆಗೊಮ್ಮೆ ಈಗೊಮ್ಮೆ ಗೊರಕೆಯಂತೆ ಬಾಯಿ ಬಿಡುತ್ತಿದ್ದರೆ ಹೃದಯ ನಿಂತಿದೆ ಎಂದೇ ಅರ್ಥ. ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ, ಎದೆಯ ನಡುವೆ ಒಂದು ಅಂಗೈಯ ಮೇಲೆ ಇನ್ನೊಂದನ್ನಿಟ್ಟು, ಮೊಣಕೈ ಮಡಿಸದೆ, ಎದೆ 5ರಿಂದ 6 ಸೆಂ.ಮೀ. ತಗ್ಗುವಂತೆ ನಿಮಿಷಕ್ಕೆ 100ರಿಂದ 120 ಬಾರಿ ಒತ್ತಬೇಕು. ಬಾಯಿಗೆ ಬಾಯಿಟ್ಟು ಉಸಿರು ಕೊಡಲು ಬಾರದಿದ್ದರೂ ಸರಿ, ಒತ್ತುವುದು ನಿಲ್ಲಬಾರದು. ಎರಡು ನಿಮಿಷಕ್ಕೊಮ್ಮೆ ಒತ್ತುವವರು ಬದಲಾಗಲಿ. ಚೀಲ ಹೊತ್ತು ಗಟ್ಟಿಯಾದ ಹಮಾಲರ ತೋಳುಗಳು ಈ ಕೆಲಸಕ್ಕೆ ಹೇಳಿ ಮಾಡಿಸಿದಂಥವು, ಅರ್ಧ ದಿನದ ತರಬೇತಿ ಸಾಕು.

ಬಾಯಿ ಸೊಟ್ಟಗಾಗಿ ಒಂದು ಕೈ ಎತ್ತಲಾಗದಿದ್ದರೆ ಅದು ಲಕ್ವ. ಲಕ್ಷಣ ಶುರುವಾದ ಗಳಿಗೆಯನ್ನು ಬರೆದಿಟ್ಟುಕೊಳ್ಳಿ, ಹೆಪ್ಪು ಕರಗಿಸುವ ಔಷಧಿಗೆ ಇರುವ ಕಾಲಾವಕಾಶ ನಾಲ್ಕೂವರೆ ಗಂಟೆ. ಸಕ್ಕರೆ ಮಾತ್ರೆ ನುಂಗಿ ತಿಂಡಿ ತಿನ್ನದೆ ಹೊರೆಗೆ ಇಳಿದವರಿಗೆ ಸಕ್ಕರೆ ಕುಸಿದು ಮಂಕು ಕವಿದಾಗ, ನುಂಗುವ ಎಚ್ಚರವಿದ್ದರೆ ನಾಲ್ಕು ಚಮಚ ಸಕ್ಕರೆ ಕೊಡಿ. ಬೆನ್ನು ಹಿಡಿದುಕೊಂಡವರಲ್ಲಿ ಬಹುತೇಕರು ಕೆಲವು ವಾರಗಳಲ್ಲಿ ಸುಧಾರಿಸಿಕೊಳ್ಳುತ್ತಾರೆ. ಆದರೆ ಬೆನ್ನುನೋವಿನ ಜೊತೆ ಮೂತ್ರ ಕಟ್ಟಿದರೆ ಅಥವಾ ಅರಿವಿಲ್ಲದೆ ಹೋದರೆ, ತೊಡೆಸಂದಿಯ ಸುತ್ತ ಜೋಮು ಹಿಡಿದರೆ, ಕಾಲು ಸೋತರೆ ನರದ ಬುಡ ಒತ್ತಿಕೊಂಡಿದೆ ಎಂದರ್ಥ. ಆಗ ನಾಟಿ ಎಣ್ಣೆ ತಿಕ್ಕಿಸುತ್ತ ಕೂರದೆ ಅದೇ ದಿನ ಶಸ್ತ್ರಚಿಕಿತ್ಸೆ ಇರುವ ಆಸ್ಪತ್ರೆಗೆ ಹೋಗಬೇಕು. ತೊಡೆಸಂದಿಯ ಹರ್ನಿಯಾ ಗಂಟು ಒಳಹೋಗದೆ ನೋವು, ವಾಂತಿ ಶುರುವಾದರೂ ಹಾಗೆಯೇ.

ತಡೆಯುವ ಮಾತಿಗೆ ಬಂದರೆ, ಹುಡುಗ ಬಿದ್ದದ್ದು ಮೂರನೆಯ ದಿನ ಎಂದು ನೀವು ಬರೆದ ಸಾಲು ನನ್ನನ್ನು ಬಹಳ ಹೊತ್ತು ಕಾಡಿತು. ದುಡಿಮೆಯ ಜಾಗದ ಶಾಖಾಘಾತಗಳಲ್ಲಿ ದೊಡ್ಡ ಪಾಲು ಮೊದಲ ಕೆಲವೇ ದಿನಗಳಲ್ಲಿ ಆಗುತ್ತದೆ. ಕಾವಿಗೆ ದೇಹ ಒಗ್ಗಲು, ಅಂದರೆ ಬೇಗ ಬೆವರಲು, ಬೆವರಿನಲ್ಲಿ ಹೆಚ್ಚು ಉಪ್ಪು ಕಳೆದುಕೊಳ್ಳದಿರಲು, ರಕ್ತದ ಪ್ರಮಾಣ ಹೆಚ್ಚಿಸಿಕೊಳ್ಳಲು ಒಂದರಿಂದ ಎರಡು ವಾರ ಬೇಕು. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ನಯೋಶ್ ಹೇಳುವ ಲೆಕ್ಕ ನಮ್ಮಲ್ಲಿಯೂ ಪಾಲಿಸಬಹುದಾದಷ್ಟು ಸುಲಭವಾಗಿದೆ: ಹೊಸಬನಿಗೆ ಮೊದಲ ದಿನ ಪೂರ್ಣ ಕೆಲಸದ ಶೇ 20, ಆಮೇಲೆ ದಿನಕ್ಕೆ ಶೇ 20ರಂತೆ ಏರಿಕೆ. ಆದರೆ ಚೀಲಕ್ಕೆ ಇಷ್ಟೆಂದು ಕೂಲಿ ಎಣಿಸುವ ಕಡೆ ಹೊಸಬ ಮೊದಲ ದಿನವೇ ಹಳಬರ ಸಮಕ್ಕೆ ಓಡುತ್ತಾನೆ, ಹಿಂದೆ ಬಿದ್ದರೆ ತಂಡದವರ ಮುಂದೆ ಮರ್ಯಾದೆಯೂ ಕೂಲಿಯೂ ಎರಡೂ ಹೋಗುತ್ತವೆ. ಹೊಸಬರಿಗೆ ಮೊದಲ ವಾರ ದಿನಗೂಲಿ ಕೊಟ್ಟು ಚೀಲದ ಲೆಕ್ಕದಿಂದ ಹೊರಗಿಡಿ ಎಂದು ನಿಮ್ಮ ಮಾಲೀಕರಿಗೆ ನೀವೇ ಲೆಕ್ಕ ಹಾಕಿ ತೋರಿಸಬಲ್ಲಿರಿ. ಒಂದು ಡಯಾಲಿಸಿಸ್‌ನ ಖರ್ಚಿನ ಮುಂದೆ ಆ ವ್ಯತ್ಯಾಸ ಏನೇನೂ ಅಲ್ಲ.

ಇಪ್ಪತ್ತು ನಿಮಿಷಕ್ಕೊಮ್ಮೆ ಒಂದು ಲೋಟ ನೀರು, ಬಾಯಾರಿಕೆಗೆ ಕಾಯದೆ; ಗಂಟೆಗೆ ಒಂದೂವರೆ ಲೀಟರ್ ಮೀರದಂತೆ, ಏಕೆಂದರೆ ಬರೀ ನೀರು ಅತಿಯಾದರೆ ರಕ್ತದ ಸೋಡಿಯಂ ಕುಸಿಯುತ್ತದೆ. ನಡುನಡುವೆ ಉಪ್ಪು ಹಾಕಿದ ಮಜ್ಜಿಗೆ, ಅಂಬಲಿ ಒಳ್ಳೆಯದು. ಏಪ್ರಿಲ್, ಮೇ ತಿಂಗಳಲ್ಲಿ ಹನ್ನೊಂದರಿಂದ ನಾಲ್ಕರವರೆಗೆ ಲೋಡಿಂಗ್ ನಿಲ್ಲಿಸಿ ಬೆಳಗ್ಗೆ ಬೇಗ ಶುರುಮಾಡುವುದು ಎಲ್ಲಕ್ಕಿಂತ ಫಲಕಾರಿ. ಹೊರೆಯ ಮಾತೂ ಇದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1967ರಲ್ಲೇ ಪುರುಷನೊಬ್ಬ ಹೊರಬಹುದಾದ ಗರಿಷ್ಠ ಭಾರ 55 ಕೆ.ಜಿ. ಎಂದು ಶಿಫಾರಸು ಮಾಡಿತ್ತು. ಎತ್ತುವ ಭಂಗಿ ಅತ್ಯುತ್ತಮವಾಗಿದ್ದಾಗಲೂ 23 ಕೆ.ಜಿ.ಗಿಂತ ಹೆಚ್ಚು ಬೇಡ ಎಂಬುದು ನಯೋಶ್‌ನ ಲೆಕ್ಕ. ಇವೆರಡರ ನಡುವಿನ ಅಂತರವೇ ಹೇಳುವಂತೆ, 50 ಕೆ.ಜಿ.ಯ ಚೀಲ ಆ ಹಳೆಯ ಶಿಫಾರಸಿಗೆ ಒಪ್ಪಿಗೆಯಾದರೂ ಬೆನ್ನಿಗೆ ಒಪ್ಪಿಗೆಯಲ್ಲ. ಕನ್ವೇಯರ್ ಬೆಲ್ಟು, ಕೈಗಾಡಿ ಬಂದ ಕಡೆ ಬೆನ್ನಿಗೆ ಬೀಳುವ ಹೊರೆ ಬಹಳಷ್ಟು ತಗ್ಗುತ್ತದೆ.

ಪರಿಹಾರದ ಪ್ರಶ್ನೆಗೆ ವೈದ್ಯನಾಗಿ ನಾನು ಹೇಳಬಹುದಾದದ್ದು ಇಷ್ಟು. 1923ರ ಕಾರ್ಮಿಕರ ಪರಿಹಾರ ಕಾಯ್ದೆಯ ಕಾಲದಿಂದಲೂ ಮುಖ್ಯವಾದ ಕಟ್ಟಳೆ, ಅವಘಡವು ಕೆಲಸದ ಅವಧಿಯಲ್ಲಿ ಆಗಿರಬೇಕು ಮತ್ತು ಕೆಲಸದ ಕಾರಣದಿಂದ ಆಗಿರಬೇಕು ಎಂಬುದು. ಹೊರಗಿನ ಗಾಯವೇ ಬೇಕೆಂದಿಲ್ಲ. ಕೆಲಸದ ಶ್ರಮ, ಒತ್ತಡದಿಂದ ಹೃದಯಾಘಾತವಾಯಿತು ಅಥವಾ ಇದ್ದ ಕಾಯಿಲೆ ಉಲ್ಬಣಿಸಿತು ಎಂದು ತೋರಿಸಿದರೆ ನ್ಯಾಯಾಲಯಗಳು ಅದನ್ನೂ ಒಪ್ಪಿವೆ. ಆದರೆ ಕೆಲಸದ ಜಾಗದಲ್ಲಿ ಸತ್ತರು ಎಂಬುದಷ್ಟೇ ಸಾಲದು, ಶ್ರಮಕ್ಕೂ ಸಾವಿಗೂ ಇರುವ ಸಂಬಂಧಕ್ಕೆ ಸಾಕ್ಷ್ಯ ಬೇಕು. ಹಾಗಾಗಿ ಆ ದಿನ ಎಷ್ಟು ಚೀಲ ಹೊತ್ತರು, ಎಷ್ಟು ಗಂಟೆಗೆ ಶುರುವಾಯಿತು, ಎಷ್ಟು ಗಂಟೆಗೆ ಬಿದ್ದರು, ಸೆಖೆ ಎಷ್ಟಿತ್ತು, ಯಾರು ನೋಡಿದರು ಎಂಬ ನಿಮ್ಮ ಲೆಕ್ಕದ ಪುಸ್ತಕದ ಸಾಲುಗಳೇ ಒಂದು ಕುಟುಂಬಕ್ಕೆ ಆಧಾರವಾಗಬಲ್ಲವು. ಆಸ್ಪತ್ರೆಯಲ್ಲಿಯೂ "ಕೆಲಸದ ವೇಳೆ ಕುಸಿದದ್ದು" ಎಂದು ಬರೆಸಿ. ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ವ್ಯಾಪ್ತಿಗೆ ಬರದ ಹಮಾಲರಿಗೆ ರಾಜ್ಯ ಅಸಂಘಟಿತ ಕಾರ್ಮಿಕರ ಸಾಮಾಜಿಕ ಭದ್ರತಾ ಮಂಡಳಿಯ ಅಂಬೇಡ್ಕರ್ ಕಾರ್ಮಿಕ ಸಹಾಯ ಹಸ್ತ ಯೋಜನೆಯಲ್ಲಿ ನೋಂದಣಿ ಮಾಡಿಸಿಕೊಡಿ. ಉಳಿದದ್ದಕ್ಕೆ ತಾಲ್ಲೂಕಿನ ಕಾರ್ಮಿಕ ನಿರೀಕ್ಷಕರನ್ನು ಕಾಣಿ.

ಕೊನೆಯದಾಗಿ ಆ ಹುಡುಗನ ವಿಷಯ. ಶಾಖಾಘಾತವಾದ ದೇಹ ಕೆಲವು ವಾರಗಳಿಂದ ಕೆಲವು ತಿಂಗಳುಗಳವರೆಗೆ ಕಾವನ್ನು ಮೊದಲಿನಂತೆ ತಾಳಲಾರದು, ಎರಡನೆಯ ಬಾರಿ ಬೀಳುವ ಅಪಾಯ ಹೆಚ್ಚು. ಅವನು ಡಯಾಲಿಸಿಸ್‌ವರೆಗೂ ಹೋಗಿ ಬಂದವನಾದ್ದರಿಂದ ಕ್ರಿಯಾಟಿನಿನ್, ಸಿಪಿಕೆ, ಯಕೃತ್ತಿನ ಪರೀಕ್ಷೆ ಮೂರೂ ಸಹಜ ಮಟ್ಟಕ್ಕೆ ಬಂದಿವೆಯೆಂದು ಚಿಕಿತ್ಸೆ ಮಾಡಿದ ವೈದ್ಯರು ಬರೆದುಕೊಡದ ಹೊರತು ಚೀಲ ಹೊರಿಸಬೇಡಿ. ಹಾಗೆಂದು ಬಾಗಿಲಿನಿಂದಲೇ ಹಿಂದೆ ಕಳಿಸಿದರೆ ಅವನು ಇನ್ನೊಂದು ಗಿರಣಿಗೆ ಹೋಗಿ, ಆದದ್ದನ್ನು ಮುಚ್ಚಿಟ್ಟು, ಮೊದಲ ದಿನವೇ ಪೂರ್ತಿ ಹೊರೆ ಹೊರುತ್ತಾನೆ. ತೂಕದ ಚೀಟಿ ಬರೆಯುವುದು, ಚೀಲ ಹೊಲಿಯುವ ಯಂತ್ರ ನೋಡಿಕೊಳ್ಳುವುದು ಮುಂತಾಗಿ ನೆರಳಿನ ಕೆಲಸವೊಂದನ್ನು ಈ ಬೇಸಿಗೆ ಮುಗಿಯುವವರೆಗೆ ಕೊಡಿ. ಮಳೆಗಾಲದಲ್ಲಿ, ವೈದ್ಯರು ಒಪ್ಪಿದರೆ, ಶೇ 20ರ ಲೆಕ್ಕದಂತೆ ಅಲ್ಲ, ಅದಕ್ಕಿಂತಲೂ ನಿಧಾನವಾಗಿ, ವಾರಕ್ಕೆ ಒಂದಿಷ್ಟರಂತೆ ಹೊರೆ ಏರಿಸಿ. ಆ ದಿನಗಳಲ್ಲಿ ಅವನ ಜೊತೆಗೆ ಹಳಬರೊಬ್ಬರನ್ನು ನೇಮಿಸಿ. ಮಾತು ತೊದಲಿದ ಕೂಡಲೇ ಚೀಲ ಇಳಿಸಿ ತಾಡಪತ್ರಿ ಹಾಸಬೇಕೆಂಬುದು ಅವರಿಗೆ ಗೊತ್ತಿರಲಿ.